ಕೊಳದ ತಿರುವಿನ ಸವಾರಿಯನ್ನು ಎಲ್ಲರೂ ಹಿಂತಿರುಗಿ ನೋಡುವ ಬಗ್ಗೆ

ಉದ್ಯಾನ ಇಲಾಖೆ
(ಸಾವಕಾಶ ಸೈಕಲ್ ಶಾಖೆ)

ಸಂಖ್ಯೆ: ಉಇ/ಸಾಸೈ/ನಡುಕ/೪೧

ಸುತ್ತೋಲೆ

ವಿಷಯ: ಚಳಿಗಾಲದ ಭಾನುವಾರಗಳಂದು ಬಡಾವಣೆಯ ಉದ್ಯಾನಗಳಲ್ಲಿ ನಡೆಯುವ ಸಿಬ್ಬಂದಿಯ ಸಾಮೂಹಿಕ ನಿಧಾನ ಸವಾರಿಯಲ್ಲಿ, ಅಧೀಕ್ಷಕರ ಕಡೆಗೆ ಕತ್ತು ತಿರುಗಿಸುವ ಕುರಿತು.

ಉಲ್ಲೇಖ: ೧. 'ಸವಾರಿಯಲ್ಲಿ ಯಾರೂ ಹಿಂತಿರುಗಿ ನೋಡತಕ್ಕದ್ದಲ್ಲ' ಎಂಬ ಇದೇ ಕಚೇರಿಯ ಹಿಂದಿನ ಸುತ್ತೋಲೆ.
೨. ಬೆಂಚಿನ ಬಳಿ ಲೆಕ್ಕಿಗರು ನಕ್ಕ ನಗು (ಮೌಖಿಕ).

ಪ್ರಸ್ತಾವನೆ:

ದಾರಿಯಲ್ಲಿ ವಾಲಿ ಮೊದಲು ನೆಲಕ್ಕೆ ಕಾಲೂರಿದವರು ಕೊನೆಗೆ ಎಲ್ಲರಿಗೂ ಚಹಾ ಬಗ್ಗಿಸಿಕೊಟ್ಟು, ಖಾಲಿ ಫ್ಲಾಸ್ಕನ್ನು ಮನೆಗೊಯ್ದು ತೊಳೆದು ತರತಕ್ಕದ್ದು ಎಂಬ ಪದ್ಧತಿ ಈ ಸವಾರಿಯಲ್ಲಿ ಜಾರಿಯಲ್ಲಿರುತ್ತದೆ. ಇದನ್ನು ಜಾರಿಗೊಳಿಸಿದವರು ಇಲಾಖೆಯ ಸಮವಸ್ತ್ರ ಹೊಲಿಯುವ ದರ್ಜಿಯೂ, ತಂಡದ ಮುಂದಾಳುವೂ, ಅಧೀಕ್ಷಕರ ಸ್ವಂತ ಅಕ್ಕನೂ ಆಗಿರುತ್ತಾರೆ. ಜಾರಿಯಾದಂದಿನಿಂದ ಸದರಿ ಫ್ಲಾಸ್ಕು ಅಧೀಕ್ಷಕರ ಮನೆಯ ಹೊರತು ಬೇರೆ ಮನೆಯ ಮುಖ ಕಂಡಿರುವುದಿಲ್ಲ. ಸೈಕಲ್ಲನ್ನು ಜೋರಾಗಿ ಓಡಿಸಲು ಯಾರಿಗಾದರೂ ಬರುತ್ತದೆ. ಬಸವನಹುಳು ಬೇಸತ್ತು ಪಕ್ಕಕ್ಕೆ ಸರಿದು ಹೋಗುವಷ್ಟು ನಿಧಾನವಾಗಿ ಓಡಿಸಿದರೆ ಎಂಥೆಂಥ ಅಧಿಕಾರಿಗಳೂ ವಾಲುತ್ತಾರೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ಇದರಿಂದ ಅಧೀಕ್ಷಕರಿಗೆ 'ಫ್ಲಾಸ್ಕ್ ಸಾಹೇಬ್ರು' ಎಂಬ ಹೆಸರು ಅಂಟಿಕೊಂಡು, ಅದು ಕಡತಗಳಲ್ಲೂ ಕಾಣಿಸತೊಡಗಿತು. ಕೈತಪ್ಪಿ ಆಯಿತೆಂದು ಟೈಪಿಸ್ಟರು ವಿವರಣೆ ನೀಡಿರುತ್ತಾರೆ. ವಾಲುವುದು ಯಾರ ಕಣ್ಣಿಗೂ ಬೀಳದಿರಲೆಂದೇ ಉಲ್ಲೇಖ ೧ರ ಸುತ್ತೋಲೆಯನ್ನು ಹೊರಡಿಸಿ, ಅಧೀಕ್ಷಕರು ಸಾಲಿನ ಕಟ್ಟಕಡೆಗೆ ಸರಿದರು.

ಕಳೆದ ಭಾನುವಾರದ ಚಳಿಯ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕಾರಂಜಿಯ ನೀರು ಮೇಲೆ ಹೋದದ್ದು ಕೆಳಗಿಳಿಯಲು ಹಿಂಜರಿದು ಅಲ್ಲೇ ಕೈಕಟ್ಟಿ ನಿಂತಿತ್ತು. ಅಂಥ ಚಳಿಯಲ್ಲಿ, ಘಟಾನುಘಟಿಗಳೂ ಗಡಗಡ ನಡುಗುವ ಕೊಳದ ತಿರುವಿನಲ್ಲಿ, ಅಧೀಕ್ಷಕರು ಒಂದು ಕಾಲನ್ನಾಗಲಿ, ಅರ್ಧ ಕಾಲನ್ನಾಗಲಿ, ಕಿರುಬೆರಳನ್ನಾಗಲಿ ನೆಲಕ್ಕೆ ಸೋಕಿಸದೆ ಹಾದುಹೋದರು. ಸೂರ್ಯನು ಮಂಜು ಸರಿಸಿ ಇಣುಕಿದನು. ಬಾತುಕೋಳಿಗಳು ಎದ್ದು ನಿಂತವು. ಆದರೆ ಸಿಬ್ಬಂದಿಯೆಲ್ಲ ಮುಂದೆಯೇ ನೋಡುತ್ತಿದ್ದರು. ಇಲಾಖೆಯ ಇತಿಹಾಸದಲ್ಲಿ ಸುತ್ತೋಲೆಯೊಂದು ಚಾಚೂ ತಪ್ಪದೆ ಪಾಲನೆಯಾದದ್ದು ಅದೇ ಮೊದಲು.

ಸವಾರಿ ಮುಗಿಯುವ ಬೆಂಚಿನ ಬಳಿ ಅಧೀಕ್ಷಕರು ವಿಷಯ ತಿಳಿಸಿದಾಗ ಲೆಕ್ಕಿಗರು, "ನಂಬ್ತೀವಿ ಬಿಡಿ ಸಾರ್, ನೀವು ಹೇಳಿದ್ಮೇಲೆ ಮುಗೀತು. ಈಗ ಚಹಾ ಬಗ್ಸಿ, ಆರೋಗತ್ತೆ" ಎಂದು ಫ್ಲಾಸ್ಕನ್ನು ಅಧೀಕ್ಷಕರ ಕೈಗಿತ್ತು ನಕ್ಕಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

೧. ಉಲ್ಲೇಖ ೧ರ ಸುತ್ತೋಲೆಯನ್ನು ಹಿಂಪಡೆಯಲಾಗಿದೆ. ಬರುವ ಭಾನುವಾರ ಕೊಳದ ತಿರುವಿನಲ್ಲಿ ಎಲ್ಲರೂ ಹಿಂತಿರುಗಿ ನೋಡತಕ್ಕದ್ದು. ಕತ್ತು ಉಳುಕಿದಲ್ಲಿ, ಅದು ಕರ್ತವ್ಯದ ಮೇಲೆ ಉಳುಕಿದೆಯೆಂದು ಪರಿಗಣಿಸಲಾಗುವುದು.

೨. ಹಿಂದೆ ನೋಡುತ್ತ ಮುಂದಿನವರಿಗೆ ಗುದ್ದುವವರು, ಗುದ್ದುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು. ಕೊಳಕ್ಕೆ ಬೀಳುವವರು ಸೇವಾ ಜ್ಯೇಷ್ಠತೆಯ ಕ್ರಮದಲ್ಲಿ ಬೀಳತಕ್ಕದ್ದು, ಕಿರಿಯರು ನುಗ್ಗುವಂತಿಲ್ಲ.

೩. ಚಳಿಯಲ್ಲಿ ಬಾಯಿಂದ ಹೊರಡುವ ಹಬೆಯಿಂದ ಅಧೀಕ್ಷಕರು ಮಸುಕಾಗಿ ಕಾಣುವ ಸಂಭವವಿರುವುದರಿಂದ, ತಿರುವಿನಲ್ಲಿ ಉಸಿರು ಎಳೆದುಕೊಳ್ಳಲು ಮಾತ್ರ ಅವಕಾಶವಿರುತ್ತದೆ. ಬಿಡುವುದನ್ನು ಮಧ್ಯಾಹ್ನಕ್ಕೆ ಮುಂದೂಡಲಾಗಿದೆ.

೪. ಕೈಗವಸು ತೊಟ್ಟು ತಟ್ಟಿದ ಚಪ್ಪಾಳೆ ಕೇಳಿಸದ ಕಾರಣ, ಬೆಲ್ಲು ಬಾರಿಸತಕ್ಕದ್ದು. ಬೆಲ್ಲಿಲ್ಲದವರು ಬಾಯಲ್ಲೇ ಟ್ರಿಣ್ ಎನ್ನಬಹುದು. ಆದರೆ ಖಂಡಿಕೆ ೩ಕ್ಕೆ ಒಳಪಟ್ಟು.

೫. ತಳ್ಳುಗಾಡಿಯಲ್ಲಿ ಕೂತ ಮಗುವೊಂದು ತಂಡವನ್ನು ಪ್ರತಿ ವಾರ ಹಿಂದಿಕ್ಕುತ್ತಿದ್ದು, ಹಿಂದಿಕ್ಕುವಾಗ ಕೈ ಬೀಸಿ ಟಾಟಾ ಮಾಡುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೬. ಬಾತುಕೋಳಿಗಳು ಕಳೆದ ವಾರದಂತೆಯೇ ಹಾಜರಿರತಕ್ಕದ್ದು. ಗೈರಾದವುಗಳಿಗೆ ಕಾರಣ ಕೇಳಿ ನೋಟಿಸು ನೀಡಲಾಗುವುದು.

೭. ಒಂದು ವೇಳೆ ಅಧೀಕ್ಷಕರು ಅಂದು ಕಾಲೂರಿದಲ್ಲಿ, ಅದೇ ಕ್ಷಣದಿಂದ ಉಲ್ಲೇಖ ೧ರ ಸುತ್ತೋಲೆಯು ತಾನಾಗಿಯೇ ಮರಳಿ ಜಾರಿಗೆ ಬಂದು, ಯಾರೂ ಏನನ್ನೂ ನೋಡಿಲ್ಲವೆಂದು ಈ ಮೂಲಕ ಮುಂಚಿತವಾಗಿಯೇ ದೃಢೀಕರಿಸಲಾಗಿದೆ.

ಸಹಿ/-
ಅಧೀಕ್ಷಕರು
(ಟೈಪಿಸ್ಟರು ಕೈತಪ್ಪಿ ಸೇರಿಸಿದ ಎರಡು ಪದಗಳನ್ನು ಹೊಡೆದುಹಾಕಲಾಗಿದೆ)

ಪ್ರತಿಗಳು:
೧. ಲೆಕ್ಕಿಗರಿಗೆ, ನಗದೆ ಓದಲು.
೨. ಕೊಳದ ದಂಡೆಯ ಫಲಕಕ್ಕೆ, ಬಾತುಕೋಳಿಗಳ ಕಣ್ಣಿಗೆ ಎಟಕುವ ಎತ್ತರದಲ್ಲಿ.
೩. ತಳ್ಳುಗಾಡಿಯ ಮಗುವಿನ ತಾಯಿಗೆ, ಮಗುವಿಗೆ ಓದಿ ಹೇಳಲು.
೪. ದರ್ಜಿ ಅಕ್ಕನವರಿಗೆ, ಅಭಿಪ್ರಾಯಕ್ಕಾಗಿ.

ಕ್ರಮ ಸಂಖ್ಯೆ ೪ರಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದು ಬಂದ ಷರಾ:

"ಲೋ ತಮ್ಮಾ, ನನ್ನ ಹ್ಯಾಂಡಲ್‌ಗೆ ಕನ್ನಡಿ ಇದೆ ಕಣೋ. ನೀನು ಕಾಲೂರದೆ ತಿರುಗಿದ್ದು ಪೂರ್ತಿ ನೋಡ್ದೆ. ನೋಡ್ತಾ ನೋಡ್ತಾ ಮೈಮರೆತು ನಾನೇ ಕಾಲೂರಿಬಿಟ್ಟೆ, ಸೀರೆ ನೆರಿಗೆ ಮರೇಲಿ ಯಾರಿಗೂ ಕಾಣ್ಲಿಲ್ಲ. ಹೇಳಿದ್ರೆ ಆ ಚಳೀಲಿ ಕೈಗವಸು ಬಿಚ್ಚಿ ಚಹಾ ಬಗ್ಗಿಸಬೇಕಿತ್ತಲ್ಲ, ಅದಕ್ಕೇ ಸುಮ್ನಿದ್ದೆ. ಫ್ಲಾಸ್ಕ್ ತಂದು ಕೊಡು, ತೊಳೀತೀನಿ."

ಸದರಿ ಷರಾವನ್ನು ಅಂಗೀಕರಿಸಿ, ಗಾಜು ಹಾಕಿಸಿ ಅಧೀಕ್ಷಕರ ಕೋಣೆಯಲ್ಲಿ ತೂಗುಹಾಕಲು ಆದೇಶಿಸಲಾಗಿದೆ. ಸುತ್ತೋಲೆಯು ಜಾರಿಯಲ್ಲಿಯೇ ಇರುತ್ತದೆ. ಲೆಕ್ಕಿಗರೂ ಒಮ್ಮೆ ನೋಡತಕ್ಕದ್ದು.