ಎಮ್ರಿಸನ ಮಂಡಿಯೂ ಶನಿವಾರದ ಮಳೆಯೂ

“ಇನ್ನೊಂದು ನಾಲ್ಕು ಗಂಟೆ ಹೀಗೇ ಸುರಿದುಬಿಟ್ರೆ ಯಾರಪ್ಪನ ಗಂಟು ಹೋಗತ್ತೆ?”

ಶನಿವಾರ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ ಎಮ್ರಿಸ್ ಪ್ರೋಸರ್ ಹೀಗೆ ಕೇಳಿದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನ ಬಲಮಂಡಿಯೊಂದಿತ್ತು. ಅದನ್ನು ಬೇಕಾದರೆ ಒಬ್ಬ ಆಸಾಮಿಯೆಂದೇ ಲೆಕ್ಕಕ್ಕೆ ಹಿಡಿಯಬಹುದಾಗಿತ್ತು. ಹುಳಿ ಬಂದ ಹಿಟ್ಟಿನ ಹಾಗೆ ರಾತ್ರಿಯೆಲ್ಲ ಉಬ್ಬಿ, ಬೆಳಗಾಗುವಷ್ಟರಲ್ಲಿ ಪೈಜಾಮಾದೊಳಗೆ ಪ್ರತ್ಯೇಕ ಸಂಸಾರ ಹೂಡಿತ್ತು.

ಎಮ್ರಿಸ್, ಪೆಂಟ್ರೆವೆನ್ ಎಂಬ ಕಣಿವೆಯ ಊರಿನ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್. ಹದಿನಾರನೇ ವಯಸ್ಸಿಗೆ ಅವನನ್ನು ಇಂಗ್ಲೆಂಡಿನ ದೊಡ್ಡ ತಂಡವೊಂದು ಕರೆದೊಯ್ದಾಗ ಊರಿಗೆ ಊರೇ ಬಸ್ ನಿಲ್ದಾಣಕ್ಕೆ ಬಂದು ಕೀರ್ತನೆ ಹಾಡಿತ್ತು. ಎರಡು ವರ್ಷ ಕಳೆದು ಅದೇ ಬಸ್ಸಿನಲ್ಲಿ ಅವನು ವಾಪಸು ಬಂದಾಗ ನಿಲ್ದಾಣದಲ್ಲಿ ಒಂದು ನಾಯಿಯಿತ್ತು. ಅಲ್ಲಿಂದಾಚೆಗೆ ಅವನ ವೃತ್ತಿಜೀವನವೆಂದರೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು. ಒಂದೊಂದು ತಂಡವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಒಂದು ಬಲ್ಬು ಮಂಕು. ಕೊನೆಗೆ ಮೂವತ್ತೈದನೇ ವಯಸ್ಸಿಗೆ ಹುಟ್ಟೂರಿನ ತಂಡದಲ್ಲಿ ಸಂಬಳಕ್ಕೆ ಆಡುತ್ತ, ಓಲ್ವೆನ್ ಚಿಕ್ಕಮ್ಮನ ಮಹಡಿಯ ಕೋಣೆಯಲ್ಲಿ ಮಲಗುತ್ತಿದ್ದ. ಚೆಂಡು ತಡೆಯುವುದೊಂದು ಬಿಟ್ಟು ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಅದೂ ಈಚೆಗೆ ಅಷ್ಟಾಗಿ ಬರುತ್ತಿರಲಿಲ್ಲ.

ಇವತ್ತು ಈ ವರ್ಷದ ಕೊನೆಯ ಪಂದ್ಯ. ಮುಗಿದ ಮೇಲೆ, ಮುಂದಿನ ವರ್ಷಕ್ಕೆ ಯಾರನ್ನು ಇಟ್ಟುಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ಮ್ಯಾನೇಜರ್ ಗ್ಲಾನ್‌ಮೋರ್ ಹೇಳುವವನಿದ್ದ. ಈ ಮಂಡಿ ಹೊತ್ತು ಮೈದಾನಕ್ಕಿಳಿದರೆ ಹತ್ತು ನಿಮಿಷದಲ್ಲಿ ಬಂಡವಾಳ ಬಯಲಾಗುತ್ತದೆ. ಮಳೆಯಿಂದ ಪಂದ್ಯ ಒಂದು ವಾರ ಮುಂದಕ್ಕೆ ಹೋದರೆ ಅಷ್ಟರಲ್ಲಿ ಊತ ಇಳಿಯುತ್ತದೆ. ಆದ್ದರಿಂದ ಎಮ್ರಿಸ್ ಶುಕ್ರವಾರ ರಾತ್ರಿ ಒಂದೇ ಮಂಡಿಯೂರಿ ಮಳೆ ಕೊಡಪ್ಪಾ ಎಂದು ಪ್ರಾರ್ಥಿಸಿದ್ದ. ವರ್ಷವಿಡೀ ಮಳೆ ಸುರಿಯುವ ಆ ಕಣಿವೆಯಲ್ಲಿ ದೇವರ ಹತ್ತಿರ ಮಳೆ ಕೇಳಿದ ಮೊದಲ ಮನುಷ್ಯ ಅವನೇ ಇರಬೇಕು.

ಕೆಳಗೆ ಅಡಿಗೆಮನೆಯಲ್ಲಿ ಚಿಕ್ಕಮ್ಮ ಕಾವಲಿಯ ಮೇಲೆ ಒಣದ್ರಾಕ್ಷಿ ಬಿಲ್ಲೆ ಬೇಯಿಸುತ್ತ, ಫ್ರಿಜ್ಜಿನಲ್ಲಿ ಮಂಜುಗಟ್ಟಿದ್ದ ಬಟಾಣಿ ಪೊಟ್ಟಣ ಎಲ್ಲಿ ಹೋಯಿತೆಂದು ಆ ವಾರದಲ್ಲಿ ಎಷ್ಟನೆಯದೋ ಬಾರಿ ಕೇಳಿದಳು. ಎಮ್ರಿಸ್ ತನಗೇನು ಗೊತ್ತು ಎಂದ. ಬಟಾಣಿ ಅವನ ಹಾಸಿಗೆಯಲ್ಲಿ, ಊತಕ್ಕೆ ತಂಪು ಕೊಟ್ಟು ಕೊಟ್ಟು, ಮಂಡಿಯ ಪಕ್ಕ ಮಲಗಿ ಮೆತ್ತಗಾಗಿತ್ತು. ಚಿಕ್ಕಮ್ಮ ಅವನನ್ನೊಮ್ಮೆ ನೋಡಿ, ಮೂಲೆಯ ಪೊರಕೆ ತಂದು ಕೈಗಿಟ್ಟಳು.

“ಮೈದಾನದಲ್ಲಿ ನೀರು ನಿಂತಿದ್ಯಂತೆ. ಹೊರಡು.”

“ನಾನ್ಯಾಕೆ ಚಿಕ್ಕಮ್ಮ? ಇಡ್ವಾಲ್ ಇದ್ದಾನಲ್ಲ.”

“ಆಡೋನು ನೀನು, ಗುಡಿಸೋಕೆ ಮಾತ್ರ ಊರವರಾ?”

ಪೆಂಟ್ರೆವೆನ್‌ನಲ್ಲಿ ಅದು ರೂಢಿ. ಮೈದಾನ ಕಾಯುವ ಮುದುಕ ಇಡ್ವಾಲ್ ಗೇಟು ತೆರೆದನೆಂದರೆ ಬೀದಿಯವರೆಲ್ಲ ಪೊರಕೆ, ಬಕೆಟ್ಟು ಹಿಡಿದು ಮದುವೆಮನೆಗೆ ಬಂದಹಾಗೆ ಬರುತ್ತಾರೆ. ಮಧ್ಯಾಹ್ನ ರೆಫರಿ ಬಂದು ನೋಡುವ ಹೊತ್ತಿಗೆ ನೀರು ಹೋಗಿರಬೇಕು. ಎಮ್ರಿಸ್ ಕುಂಟದೆ ನಡೆಯಲು ಹೆಣಗುತ್ತ ಒಳಗೆ ಬಂದಾಗ ಅರ್ಧ ಊರು ಬಗ್ಗಿ ಗುಡಿಸುತ್ತಿತ್ತು. ಊರಿನ ಚಾಪೆಲಿನ ಪಾದ್ರಿ ಮೇರಿಗ್ ಅಯ್ಯನವರು ಮೈದಾನದ ನಡುವೆ ಹ್ಯಾಟು ತೆಗೆದು ನಿಂತು, ಮಳೆ ನಿಲ್ಲಲೆಂದು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಚಿಕ್ಕಂದಿನಲ್ಲಿ ಎಮ್ರಿಸನಿಗೆ ಕೀರ್ತನೆಗಳನ್ನು ಬಾಯಿಪಾಠ ಮಾಡಿಸಿದವರು ಅವರೇ. ಪ್ರಾರ್ಥನೆಯಲ್ಲಿ ಗುರುವಿಗೆ ಎದುರು ನಿಲ್ಲಬೇಕಾಯಿತಲ್ಲ ಎಂದುಕೊಂಡು ಅವನು ಮುಖ ಮರೆಸಿ ದೂರದಿಂದಲೇ ಹಾದುಹೋದ.

ಇಡ್ವಾಲ್ ಹತ್ತಿರ ಬಂದ. “ಇವತ್ತು ಸೋತ್ರೆ ಕೆಳಗಿನ ದರ್ಜೆಗೆ ಇಳೀತೀವಿ, ಗೊತ್ತಲ್ಲ? ಅಲ್ಲಿ ಯಾರಿಗೂ ಸಂಬಳ ಇಲ್ಲ ಮಗಾ. ಆಟ ಮುಗಿದ್ಮೇಲೆ ಒಂದು ಬಟ್ಟಲು ಸೂಪು, ಅಷ್ಟೇ.”

ಎಮ್ರಿಸ್ ತಲೆಯಾಡಿಸಿದ. ಮಾತು ಕಿವಿಗೆ ಬಿದ್ದಿತೇ ಹೊರತು ಒಳಗಿಳಿಯಲಿಲ್ಲ. ಅಲ್ಲಿ ಮಂಡಿ ಕೂತಿತ್ತು, ಜಾಗವಿರಲಿಲ್ಲ.

ಅವನು ಚಾಪೆಲ್ ಕಡೆಯ ಗೋಲಿನ ಮುಂದಿದ್ದ ದೊಡ್ಡ ಹೊಂಡವನ್ನು ಆರಿಸಿಕೊಂಡ. ಊರಿಗೆ ಬೆನ್ನು ಹಾಕಿ ಬಗ್ಗಿ, ನೀರನ್ನು ಆಚೆಗೆ ತಳ್ಳುವವನಂತೆ ಎರಡು ಬೀಸು ಬೀಸಿ, ಮೂರನೆಯ ಬೀಸಿಗೆ ಅಷ್ಟನ್ನೂ ಒಳಗೆಳೆದುಕೊಂಡ. ದೂರದಿಂದ ನೋಡಿದವರಿಗೆ ಅವನಷ್ಟು ಮೈಮುರಿದು ಕೆಲಸ ಮಾಡುವವರು ಯಾರೂ ಕಾಣಲಿಲ್ಲ. ಪಾಪ, ಕಾಲೆಳೆದುಕೊಂಡಾದರೂ ಎಷ್ಟು ದುಡಿಯುತ್ತಾನೆ ನೋಡಿ ಎಂದು ಹೆಂಗಸರು ಮಾತಾಡಿಕೊಂಡರು. ಗೋಲ್‌ಕಂಬದ ಆಚೆ ಮ್ಯಾನೇಜರ್ ಗ್ಲಾನ್‌ಮೋರ್ ಕೂಡ ಅದೇ ಹೊಂಡಕ್ಕೆ ಬಗ್ಗಿ, ಯಾರ ಮುಖವನ್ನೂ ನೋಡದೆ ಗುಡಿಸುತ್ತಿದ್ದ. ಒಂದು ವಿಚಿತ್ರ ಮಾತ್ರ ಎಮ್ರಿಸನ ಗಮನಕ್ಕೆ ಬಂತು: ತಾನು ಎಳೆದುಕೊಂಡದ್ದಕ್ಕಿಂತ ಹೆಚ್ಚು ನೀರು ಹೊಂಡದಲ್ಲಿ ಸೇರುತ್ತಿತ್ತು. ದೇವರೂ ಒಂದು ಪೊರಕೆ ಹಿಡಿದು ತನ್ನ ಕಡೆ ನಿಂತಿದ್ದಾನೆಂದು ಅವನ ಕಣ್ಣು ತೇವವಾಯಿತು.

ರೆಫರಿಯ ಕಾರು ಗೇಟಿಗೆ ಬಂತು. ಅದೇ ಹೊತ್ತಿಗೆ ಎಮ್ರಿಸನಿಗೆ ಮೂಲೆಯ ಬಾವುಟದ ಹತ್ತಿರ, ಎಷ್ಟೋ ವರ್ಷದಿಂದ ಕಟ್ಟಿಹೋಗಿದ್ದ ಹಳೆಯ ಚರಂಡಿಯ ಬಾಯಿ ಕಾಣಿಸಿತು. ಹೊಂಡದ ನೀರು ಸಣ್ಣ ಎಳೆಯಾಗಿ ಅದರೊಳಗೆ ಜಿನುಗುತ್ತಿತ್ತು. ಇಷ್ಟು ದುಡಿದು ಕೊನೇ ಗಳಿಗೆಯಲ್ಲಿ ಸೋರಿಹೋಗಲು ಬಿಡುವುದುಂಟೇ? ಅವನು ಒಂದು ಗೋಣಿಚೀಲ ಎತ್ತಿಕೊಂಡು ಹೋಗಿ, ಕಬ್ಬಿಣದ ಜಾಲರಿ ಕಿತ್ತು, ಚೀಲವನ್ನು ಒಳಗೆ ತುರುಕಹೋದ. ಚೀಲ ಇಳಿಯಲಿಲ್ಲ. ಏನೋ ಅಡ್ಡವಿತ್ತು. ಅದನ್ನು ತೆಗೆದರೆ ಚೀಲ ಬಿಗಿಯಾಗಿ ಕೂರುತ್ತದೆಂದು ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈಯಿಳಿಸಿ ಎಳೆದ.

ಬಂದದ್ದು ಒಂದು ಚೆಂಡು. ಸುಕ್ಕುಗಟ್ಟಿ, ಕಪ್ಪಾಗಿ, ಅವನಿಗಿಂತ ಮೊದಲೇ ನಿವೃತ್ತಿಯಾಗಿದ್ದ ಚೆಂಡು. ಹಿಂದೆಯೇ ಚರಂಡಿ, ಮೂರು ದಿನ ಉಪವಾಸವಿದ್ದವನು ಗಂಜಿ ಕಂಡಹಾಗೆ, ಗೊಳಗೊಳ ಎಂದು ಗೋಣಿಚೀಲವನ್ನೂ ಸೇರಿಸಿ ನುಂಗಿತು. ನೋಡನೋಡುತ್ತಿದ್ದಂತೆ ಹೊಂಡ ಬತ್ತಿ ಹುಲ್ಲು ತಲೆಯೆತ್ತಿತು. ಮಳೆಯೂ ನಿಂತಿತು.

ಊರಿನವರು ಪೊರಕೆಗಳನ್ನು ಮೇಲೆತ್ತಿ ಕುಣಿದರು. ಎಮ್ರಿಸನನ್ನು ಕೆಸರಿನ ಸಮೇತ ಅಪ್ಪಿಕೊಂಡರು. ರೆಫರಿ ಬೂಟಿನ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ, ಆಡಬಹುದು ಎಂದ. ಗ್ಲಾನ್‌ಮೋರ್ ಮಾತ್ರ ಪೊರಕೆ ಹಿಡಿದು ಕಂಬಕ್ಕೊರಗಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಸಂತೋಷ ತಡೆಯಲಾಗದೆ ಹಾಗಾಗಿರಬೇಕೆಂದು ಎಮ್ರಿಸ್ ತಿಳಿದ.

ಆಟಗಾರರ ಹೆಸರು ಓದಿದಾಗ ಎಮ್ರಿಸನ ಹೆಸರು ಹನ್ನೊಂದರೊಳಗೆ ಇರಲಿಲ್ಲ. ಬದಲಿ ಆಟಗಾರರ ಬೆಂಚಿನಲ್ಲಿ ಕೂತು, ಮಂಡಿಯ ಮೇಲೆ ಕಂಬಳಿ ಹೊದ್ದು, ಅವನು ಒಳಗೊಳಗೇ ದೇವರಿಗೆ ವಂದಿಸಿದ. ಆ ವಂದನೆ ಮುಗಿಯುವುದರೊಳಗೆ ಪೆಂಟ್ರೆವೆನ್‌ನ ಗೋಲ್‌ಕೀಪರ್ ಕೆಮ್ಮುತ್ತ ಒಂದು ಗೋಲು ಬಿಟ್ಟ. ಎರಡನೆಯದು ಬಿದ್ದಾಗ ಅವನು ಮೂಗು ಒರೆಸಿಕೊಳ್ಳುತ್ತಿದ್ದ. ಆಮೇಲೆ ಇನ್ನೊಬ್ಬ ಡಿಫೆಂಡರ್ ಹೊಟ್ಟೆ ಹಿಡಿದುಕೊಂಡು ಹೊರಗೋಡಿದ. ಎಮ್ರಿಸ್ ಒಳಗೆ ಹೋಗಬೇಕಾಯಿತು. ಎದುರಾಳಿ ಹುಡುಗನೊಬ್ಬ ಮೈಲಿಗಲ್ಲು ದಾಟಿದಹಾಗೆ ಅವನನ್ನು ದಾಟಿ ಮೂರನೆಯ ಗೋಲು ಹೊಡೆದ. ಆಟಕ್ಕೆ ಮೊದಲು ಅಪ್ಪಿಕೊಂಡವರೇ ಬೇಲಿಯಾಚೆಯಿಂದ, ಆ ಚರಂಡಿಗೆ ಕೈ ಹಾಕು ಅಂತ ನಿನಗೆ ಹೇಳಿದವರ್ಯಾರು ಎಂದು ಕೇಳತೊಡಗಿದರು.

ಪಂದ್ಯ ಸೋತು ಎಲ್ಲರೂ ಹೋದ ಮೇಲೆ ಗ್ಲಾನ್‌ಮೋರ್ ಬಟ್ಟೆ ಬದಲಿಸುವ ಕೋಣೆಗೆ ಬಂದು ಅವನ ಪಕ್ಕ ಕೂತ.

“ಮಂಡಿ ಹೇಗಿದೆ?”

“ಯಾವ ಮಂಡಿ?”

“ಗುರುವಾರ ಮಾಂಸದಂಗಡೀಲಿ ನಿಮ್ಮ ಚಿಕ್ಕಮ್ಮ ಸಿಕ್ಕಿದ್ರು. ಬಟಾಣಿ ಪೊಟ್ಟಣ ಕಾಣ್ತಿಲ್ಲ, ಹುಡುಗನ ಮಂಡಿ ಮತ್ತೆ ಹೋಗಿರಬೇಕು ಅಂದ್ರು. ಇವತ್ತು ನಿನ್ನನ್ನ ಆಡಿಸೋ ಯೋಚನೇನೇ ನನಗಿರ್ಲಿಲ್ಲ.” ಗ್ಲಾನ್‌ಮೋರ್ ಬೂಟಿನ ಕೆಸರನ್ನು ಬೆಂಚಿನ ಕಾಲಿಗೆ ಕೆರೆದ. “ಮುಂದಿನ ವರ್ಷಕ್ಕೂ ನೀನಿರ್ತೀಯ ಅಂತ ಅಧ್ಯಕ್ಷರನ್ನ ಒಪ್ಪಿಸಿದ್ದೆ. ಹುಡುಗರಿಗೆ ಹಿಂದೆ ನಿಂತು ಹೇಳಿಕೊಡೋರು ಒಬ್ರು ಬೇಕಲ್ಲ.”

“ಒಪ್ಪಿಸಿದ್ದೆ ಅಂದ್ರೆ?”

“ಈ ದರ್ಜೇಲಿ ಉಳಿದಿದ್ರೆ. ಈಗ ಸಂಬಳದವರು ಯಾರೂ ಇಲ್ಲ. ನಾನೂ ಇಲ್ಲ.”

ಎಮ್ರಿಸ್ ಎದ್ದು, ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುವಿ ಬಿಗಿಮಾಡಿದ.

“ಹುಡುಗರಲ್ಲಿ ಅರ್ಧ ಜನಕ್ಕೆ ಜ್ವರ,” ಗ್ಲಾನ್‌ಮೋರ್ ಹೇಳಿದ. “ಒಂದು ವಾರ ಮುಂದಕ್ಕೆ ಹೋಗಿದ್ರೆ ಗೆಲ್ತಿದ್ವಿ. ಬೆಳಿಗ್ಗೆಯಿಂದ ಸೊಂಟ ಬೀಳೋ ಹಾಗೆ ಆ ಹೊಂಡಕ್ಕೇ ನೀರು ಗುಡಿಸ್ತಿದ್ದೆ ಮಾರಾಯ. ಎದುರಿಗೆ ನೀನು ಎಳೀತಿದ್ದಿದ್ದೂ ನೋಡ್ದೆ. ನಮ್ಮಿಬ್ರಿಂದ ಕೆಲಸ ಆಯ್ತು ಅಂತಲೇ ಅಂದ್ಕೊಂಡಿದ್ದೆ.”

ಎಮ್ರಿಸ್ ಹೊರಗೆ ಬಂದಾಗ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಅಂಥ ಸಂಜೆ ಆ ಕಣಿವೆಗೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಗೇಟಿನ ಹತ್ತಿರ ಮೇರಿಗ್ ಅಯ್ಯನವರು ಕಾಯುತ್ತಿದ್ದರು. ಅವರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ; ಪ್ರಾರ್ಥನೆ ಗೊತ್ತಿತ್ತು. ಮುಖ ಬೆಳಗುತ್ತಿತ್ತು.

“ಕೇಳಿದ್ದನ್ನ ಕೊಟ್ಟ ನೋಡಪ್ಪ ದೇವರು. ಅದಕ್ಕೆ ಅವನು ಹಿಡಿದಿದ್ದು ನಿನ್ನ ಕೈ. ನಾಳೆ ಆರಾಧನೇಲಿ ಎಲ್ಲರ ಮುಂದೆ ಎದ್ದು ನಿಂತು, ಕೃತಜ್ಞತೆಗೆ ಅಂತ ಕೀರ್ತನೆಯ ಒಂದು ವಚನ ಹೇಳಬೇಕು ನೀನು.”

ಎಮ್ರಿಸ್ ಹುಟ್ಟಿದಂದಿನಿಂದ ಅಯ್ಯನವರ ಮಾತಿಗೆ ಎದುರಾಡಿದವನಲ್ಲ. ಅವರು ಹೇಳು ಎಂದಾಗಲೆಲ್ಲ ಎದ್ದು ನಿಂತು ಹೇಳಿದ್ದ. ಅವನು ಒಮ್ಮೆ ಚರಂಡಿಯ ಕಡೆ ನೋಡಿದ, ಒಮ್ಮೆ ಆಕಾಶದ ಕಡೆ ನೋಡಿದ. ಆಮೇಲೆ ಗೇಟಿಗೆ ಒರಗಿಸಿದ್ದ ಚಿಕ್ಕಮ್ಮನ ಪೊರಕೆಯನ್ನು ಊರುಗೋಲಿನಂತೆ ಕಂಕುಳಿಗೆ ಕೊಟ್ಟುಕೊಂಡ.

“ಇಲ್ಲ ಅಯ್ಯನವರೇ,” ಎಂದ. “ಹೇಳಲ್ಲ.”