ಜೋಳದ ರೊಟ್ಟಿಯ ದ್ವೀಪಮಾಲೆ

ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಒಂದು ತುತ್ತೂ ಇಲ್ಲ. ಆದ್ದರಿಂದ ಬಿಸಿಲು ಅಂಗಳದ ಕಟ್ಟೆ ಇಳಿಯುವಾಗಲೇ ನಾನು ತಾಟಿನ ಮುಂದೆ ಕೂತಿರುತ್ತೇನೆ. ಕುಡಚಿಯ ರೈಲು ತಡವಾದೀತು, ನನ್ನ ಊಟ ತಡವಾಗದು. ಈ ದಾಖಲೆ ಮೊನ್ನೆಯವರೆಗೆ ಅಬಾಧಿತವಾಗಿತ್ತು.

ಮೊನ್ನೆ ಸಂಜೆ ಹೆಂಡತಿ ರೊಟ್ಟಿ ಬಡಿಯುತ್ತಿದ್ದಾಗ ಮೊಮ್ಮಗಳು ಸುಮತಿ ಬಂದಳು.

"ಅಜ್ಜಾ, ಸಮುದ್ರದಾಗ ಜ್ವಾಲಾಮುಖಿ ದ್ವೀಪ ಸಾಲಾಗಿ ಹೆಂಗ ಹುಟ್ತಾವು? ನಾಳೆ ಸಾಲ್ಯಾಗ ಹೇಳಬೇಕು."

ಇಷ್ಟೇನಾ! ನೆಲದಾಳದ ಬೆಂಕಿ ಇದ್ದಲ್ಲೇ ಇರುತ್ತದೆ, ಮೇಲಿನ ಭೂಪದರ ಮಾತ್ರ ಲಕ್ಷಾಂತರ ವರ್ಷ ಮೆಲ್ಲಗೆ ಸರಿಯುತ್ತದೆ. ಬೆಂಕಿಯ ನೇರಕ್ಕೆ ಬಂದಲ್ಲಿ ಲಾವಾರಸ ಉಕ್ಕಿ ದ್ವೀಪ ಏಳುತ್ತದೆ. ಅದು ಮುಂದೆ ಸರಿದು, ತಣ್ಣಗಾಗಿ, ಸವೆದು ಕುಸಿಯುತ್ತದೆ. ಹಿಂದೆ ಹೊಸದು ಹುಟ್ಟುತ್ತದೆ. ಹೀಗೆಂದು ವಿವರಿಸಿದೆ.

"ತಿಳೀಲಿಲ್ಲ" ಎಂದಳು.

ಪ್ರಾತ್ಯಕ್ಷಿಕೆ ಅಗತ್ಯವೆಂದು ಘೋಷಿಸಿ, ಬೇಯುತ್ತಿದ್ದ ರೊಟ್ಟಿಯ ಸಮೇತ ಹಂಚನ್ನು ಕೆಳಗಿಳಿಸಿದೆ. ಬಡಿದಿಟ್ಟ ಹಸಿ ರೊಟ್ಟಿಯೇ ಭೂಪದರ, ಗ್ಯಾಸಿನ ಉರಿಯೇ ನೆಲದಾಳದ ಬೆಂಕಿ!

"ಹಸಿ ಜ್ವಾಳದ ರೊಟ್ಟಿ ಎತ್ತಿ ಹಿಡದ್ರ ಹರೀತೈತ್ರಿ" ಎಂದಳು ಹೆಂಡತಿ.

ಹರಿಯಿತು. ಅರ್ಧ ಭೂಪದರ ಬರ್ನರಿನೊಳಗೆ ಬಿತ್ತು. ಉರಿ ಆರಿತು.

"ಬಸ್ ಮಾಡ್ರಿ! ಹೊತ್ತ ಹೊಂಟೈತಿ, ಊಟಕ್ಕ ಬರ್ರಿ."

"ನೀವು ಸುರು ಮಾಡ್ರಿ, ನಾ ಬಂದೆ!"

ಅವರು ಉಣ್ಣಲು ಕೂತರು. ನಾನು ಪಕ್ಕದ ಬರ್ನರ್ ಹೊತ್ತಿಸಿ, ಹಂಚಿನ ಮೇಲಿದ್ದ ಅರೆಬೆಂದ ರೊಟ್ಟಿಯನ್ನು ಉರಿಗೆ ಹಿಡಿದೆ. ಒಂದು ಕಡೆ ಗುಳ್ಳೆ ಉಬ್ಬಿತು! ಮೆಲ್ಲಗೆ ಎಳೆದೆ. ಮತ್ತೊಂದು ಉಬ್ಬಿತು, ಮೊದಲಿನದು ಕುಸಿಯಿತು!

"ಅಜ್ಜಾ, ಈಗ ತಿಳೀತು!" ಬಾಯಿ ತುಂಬ ತುತ್ತಿಟ್ಟುಕೊಂಡೇ ಸುಮತಿ ಕೂಗಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡೇ ದ್ವೀಪಕ್ಕೆ ಸಾಲು ಎನ್ನಲಾದೀತೆ? ಮೂರನೆಯದು ಎದ್ದಿತು, ಒಡೆಯಿತು, ಬಿಸಿ ಹಬೆ ನನ್ನ ಬೆರಳಿಗೆ ಬಡಿಯಿತು. ರೊಟ್ಟಿ ಕೈಜಾರಿ ಮೂರೂ ದ್ವೀಪಗಳು ಪಕ್ಕದ ಬೇಳೆಯ ಪಾತ್ರೆಯಲ್ಲಿ ಜಲಸಮಾಧಿಯಾದವು!

ಕೆಲಸವಾದ ಮೇಲೆ ಜಾಗ ಸ್ವಚ್ಛಗೊಳಿಸದೆ ಏಳಬಾರದು ಎನ್ನುವುದು ನನ್ನ ಇನ್ನೊಂದು ನಿಯಮ. ಪಿನ್ನು ಹಿಡಿದು ಬರ್ನರಿನ ಒಂದೊಂದೇ ತೂತಿನಿಂದ ಹಿಟ್ಟು ತೆಗೆದೆ. ಫಳಫಳ ಹೊಳೆಯಿತು. ತೃಪ್ತಿಯಿಂದ ತಲೆ ಎತ್ತಿದರೆ, ಕಿಟಕಿಯಾಚೆ ಕಬ್ಬಿನ ಗದ್ದೆ ಕಪ್ಪಾಗಿತ್ತು.

"ಭೂಮಿ ಸರಿಯೂದ ನೋಡಿದ್ರಿ, ಹೊತ್ತ ಸರಿಯೂದ ನೋಡಲಿಲ್ಲ" ಎಂದು ಹೆಂಡತಿ ಪಾತ್ರೆಗಳನ್ನು ಮುಚ್ಚಿಟ್ಟಳು.

ಮಲಗುವ ಮುನ್ನ ಸುಮತಿ ಪಾಠ ಒಪ್ಪಿಸಿದಳು. ಒಂದೂ ತಪ್ಪಿಲ್ಲ.

"ಬೆಂಕಿ ಮಾತ್ರ ಇದ್ದಲ್ಲೇ ಇರತೈತಿ, ಹೌದಲ್ಲಜ್ಜಾ?"

"ಹೌದವಾ" ಎಂದೆ.

ಬೆಳಗಾಗುವ ತನಕ ಅದು ನನ್ನ ಹೊಟ್ಟೆ ಬಿಟ್ಟು ಕದಲಲಿಲ್ಲ!