ದಾವಲಬಿಯವರು ದಾವಲಬಿಯವರ ಮನೆಗೆ ಭೇಟಿ ಕೊಟ್ಟದ್ದು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಅಥಣಿ ಸೀಮೆಯ ಮನಸ್ವಾಸ್ಥ್ಯ ಯೋಜನೆಯ ಕಾರ್ಯಕರ್ತರಿಗೆ ದಣಿವು ಇರಲಿಲ್ಲ. ಇರಕೂಡದೆಂದು ಯುಗಾದಿಯ ಮರುದಿನವೇ ಸುತ್ತೋಲೆ ಹೊರಟಿತ್ತು. ಸುತ್ತೋಲೆ ಕೈಸೇರಿದ ಗಳಿಗೆಯಿಂದ ದಣಿವು ನಿರ್ಮೂಲವಾಯಿತೆಂದು ಭಾವಿಸತಕ್ಕದ್ದು ಎಂಬ ಮಾತೂ ಅದರಲ್ಲಿತ್ತು.

ಆದರೂ ತೆಲಸಂಗದ ಕಾರ್ಯಕರ್ತೆ ದಾವಲಬಿ ದಣಿದಿದ್ದಳು. ತಪ್ಪು ಅವಳದೇ. ದಿನವೂ ಬಿಸಿಲಲ್ಲಿ ಊರಾಚೆಯ ಹೊಲಮನೆಗಳ ವಸ್ತಿಯಿಂದ ವಸ್ತಿಗೆ ನಡೆದು, ಮನಸ್ಸು ಕೆಟ್ಟವರಿಗೆ ಗುಳಿಗೆ ಕೊಟ್ಟು, ಅವರ ಮಾತು ಕೇಳಿ ಬರುವುದು ಅವಳ ಕೆಲಸ. ಕೇಳಿದ್ದನ್ನು ಮನೆಗೆ ಹೊತ್ತು ತರಬಾರದೆಂದು ತರಬೇತಿಯಲ್ಲಿ ಹೇಳಿದ್ದರು; ಎಲ್ಲಿ ಇಳಿಸಬೇಕೆಂದು ಹೇಳಿರಲಿಲ್ಲ. ಹೋದ ಮನೆಯಲ್ಲಿ ಚಹಾ ಕುಡಿಯದೆ ಎದ್ದರೆ ಆ ಮನೆತನಕ್ಕೇ ಅವಮಾನ, ಹಾಗಾಗಿ ಪ್ರತಿಯೊಂದು ದುಃಖದ ಜೊತೆಗೆ ಒಂದು ಬಸಿ ಚಹಾವೂ ಅವಳ ಹೊಟ್ಟೆ ಸೇರುತ್ತಿತ್ತು.

ಮಾಳಸಿದ್ದನೆಂಬ ಕುರಿಗಾರ ವರ್ಷದಿಂದ ಮಾತು ಬಿಟ್ಟವನು. ದಾವಲಬಿ ವಾರವಾರ ಹೋಗಿ ಪಕ್ಕದಲ್ಲಿ ಕೂತೂ ಕೂತೂ, ಅವನು ಅವಳೊಬ್ಬಳ ಹತ್ತಿರ ನಾಲ್ಕು ಮಾತಾಡತೊಡಗಿದ್ದ. ಆ ಮಾತೆಲ್ಲವೂ ಕಳೆದುಹೋದ ಒಂದು ಟಗರಿನ ಬಗ್ಗೆಯೇ. ಒಂದು ದಿನ ಅವನು ಅದೇ ಕಥೆ ಮತ್ತೆ ತೆಗೆದಾಗ ಅವಳಿಗೆ ತಲೆ ಕೆಟ್ಟು, "ಸಾಕ್ ಮಾಡಪಾ ನಿನ್ನ ಟಗರಿನ ಪುರಾಣ" ಅಂದುಬಿಟ್ಟಳು. ಮಾಳಸಿದ್ದ ಬಾಯಿ ಮುಚ್ಚಿದ, ಮತ್ತೆ ತೆರೆಯಲಿಲ್ಲ. ಕೆಲವು ದಿನ ಕಾಗವಾಡದ ಅಕ್ಕನ ಮನೆಯಲ್ಲಿ ಮಲಗೆದ್ದು ಬರದಿದ್ದರೆ ಉಳಿದವರ ಬಾಯನ್ನೂ ತಾನೇ ಮುಚ್ಚಿಸಿಬಿಡುತ್ತೇನೆಂದು ಹೆದರಿ ರಜೆ ಕೇಳಲು ಹೋದಳು.

ಮೇಲ್ವಿಚಾರಕ ಬಾಪುಸಾಹೇಬರು ಒಳ್ಳೆಯ ಮನುಷ್ಯ. ರಜೆಯ ಬದಲು ಅವಳನ್ನು ಮನೋಸ್ಥೈರ್ಯ ಶಿಬಿರಕ್ಕೆ ಕಳಿಸಿದರು. ಅಲ್ಲಿ ಕಾರ್ಯಕರ್ತೆಯರು ಜಮಖಾನೆ ಹಾಸಿ, ಕುರ್ಚಿ ಹೊತ್ತು, ಮುಖ್ಯ ಅತಿಥಿಗಳಿಗಾಗಿ ಮಧ್ಯಾಹ್ನದವರೆಗೆ ಕಾದರು. ಅತಿಥಿಗಳು ಬಂದವರೇ ವಿಶ್ರಾಂತಿಯ ಮಹತ್ವದ ಬಗ್ಗೆ ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡಿದರು. ನಡುವೆ ತೂಕಡಿಸಿದವರನ್ನು ಎಬ್ಬಿಸಿ ನಿಲ್ಲಿಸಿ, ನಾನು ದಣಿದಿಲ್ಲ ಎಂದು ಒಕ್ಕೊರಲಿನಿಂದ ಹೇಳಿಸಲಾಯಿತು. ಕೊನೆಗೆ ಜಮಖಾನೆ ಮಡಚಿದವರೂ ಅವರೇ.

ಮರಳಿ ಬಂದ ದಾವಲಬಿ ಮತ್ತೆ ರಜೆ ಕೇಳಿದಳು. ಬಾಪುಸಾಹೇಬರು ಸಮಾಧಾನದಿಂದ ನಿಯಮ ಬಿಡಿಸಿ ಹೇಳಿದರು. ಜ್ವರ ಬಂದರೆ ರಜೆಯುಂಟು. ಮನಸ್ಸು ದಣಿದರೆ ಮಾತ್ರ ಮೊದಲು ಯೋಜನೆಯ ರೋಗಿಯಾಗಬೇಕು. ರೋಗಿಯಾಗಲು ಆ ಊರಿನ ಕಾರ್ಯಕರ್ತೆ ವಾರವಾರ ಮನೆಗೆ ಭೇಟಿ ಕೊಟ್ಟು ಶಿಫಾರಸು ಮಾಡಬೇಕು.

"ಆ ಊರಿನ ಕಾರ್ಯಕರ್ತಿ ನಾನ ಅದೀನ್ರಿ ಸಾಹೇಬ್ರ," ಎಂದಳು ದಾವಲಬಿ.

"ಹಂಗಾದ್ರ ಭಾಳ ಛಲೋ ಆತು. ನಿಮ್ಮ ಮನಿ ದಾರಿ ನಿಮಗ ಗೊತ್ತ ಐತಿ."

ಭೇಟಿ ಎಂದರೆ ಹೊರಗಿನಿಂದಲೇ ಬರಬೇಕು. ಆದ್ದರಿಂದ ಗುರುವಾರ ದಾವಲಬಿ ಊರ ಅಗಸಿಬಾಗಿಲವರೆಗೆ ಹೋಗಿ, ಚೀಲ ಹೆಗಲಿಗೇರಿಸಿ ತಿರುಗಿ ಬಂದು, ತನ್ನ ಮನೆಯ ಬಾಗಿಲು ಬಡಿದಳು. ಯಾರೂ ತೆರೆಯದ್ದರಿಂದ ತಾನೇ ತೆರೆದು ಒಳಗೆ ಕರೆದುಕೊಂಡಳು. ಕಟ್ಟೆಯ ಈ ತುದಿಗೆ ಕೂತು ಹೇಗಿದ್ದೀರೆಂದು ಕೇಳಿ, ಆ ತುದಿಗೆ ಸರಿದು ನಿದ್ದೆ ಹತ್ತುವುದಿಲ್ಲವೆಂದು ಉತ್ತರಿಸಿದಳು. ಚಹಾ ಮಾಡಿದಳು, ಬೇಡವೆಂದಳು, ಒತ್ತಾಯಕ್ಕೆ ಮಣಿದು ಕುಡಿದಳು. ಎದುರುಮನೆಯ ಕಾಶಿಬಾಯಿ ಜೋಳ ಹಸನು ಮಾಡುತ್ತ ಎಲ್ಲವನ್ನೂ ನೋಡಿದಳು, ನಗಲಿಲ್ಲ. ಸರಕಾರಿ ಕೆಲಸಕ್ಕೆ ನಗುವ ಪದ್ಧತಿ ಆ ಓಣಿಯಲ್ಲಿಲ್ಲ.

ಹೀಗೆ ಕೆಲವು ಗುರುವಾರ ಕಳೆದ ಮೇಲೆ ಬಾಪುಸಾಹೇಬರು ತಪಾಸಣೆಗೆ ಬಂದರು. ಕಾರ್ಯಕರ್ತೆ ಒಂದು ಭೇಟಿಯನ್ನೂ ತಪ್ಪಿಸಿರಲಿಲ್ಲ. ಭೇಟಿಯ ಹೊತ್ತಿನಲ್ಲಿ ರೋಗಿ ಒಮ್ಮೆಯೂ ಮನೆ ಬಿಟ್ಟು ಹೋಗಿರಲಿಲ್ಲ. ಇಂಥ ಆರೈಕೆಯಲ್ಲಿ ರೋಗಿ ಗುಣವಾಗದಿರಲು ಸಾಧ್ಯವೇ ಇಲ್ಲವೆಂದು ಅವರು ತೀರ್ಮಾನಿಸಿದರು. ದಾವಲಬಿಯನ್ನು ಗುಣಮುಖಳೆಂದು ಸಾರಿ, ಇನ್ನು ರಜೆಯ ಅಗತ್ಯವಿಲ್ಲವೆಂದು ತಿಳಿಸಿ, ಗುಣಪಡಿಸಿದ್ದಕ್ಕಾಗಿ ಅವಳಿಗೇ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಆಮೇಲೆ ಕಾಶಿಬಾಯಿ ಕರೆದಳೆಂದು ಎದುರುಮನೆಗೆ ಚಹಾಕ್ಕೆ ಹೋದರು.

ಶಾಲು ಹೊದ್ದು ದಾವಲಬಿ ಕಟ್ಟೆಯ ಮೇಲೆ ಕೂತಳು. ಅಳು ಒತ್ತಿ ಬರುತ್ತಿತ್ತು, ಆದರೆ ಗುಣಮುಖರು ಅಳುವಂತಿರಲಿಲ್ಲ. ಅಷ್ಟರಲ್ಲಿ ಕುರಿ ಹೊಡೆದುಕೊಂಡು ಮಾಳಸಿದ್ದ ಬಂದ. ದಾವಲಬಿ ಬಾಯಾರು ರೋಗಿಯಾಗಿದ್ದಾರೆಂಬ ಸುದ್ದಿ ಅವನ ವಸ್ತಿಗೂ ಮುಟ್ಟಿತ್ತು. ಕೋಲನ್ನು ಗೋಡೆಗೆ ಆನಿಸಿ, ತೆರೆದೇ ಇದ್ದ ಬಾಗಿಲನ್ನು ಬಡಿದು, ಅವಳು ವಾರವಾರ ತನ್ನ ಪಕ್ಕದಲ್ಲಿ ಕೂಡುತ್ತಿದ್ದ ಹಾಗೆಯೇ ಅವಳ ಪಕ್ಕದಲ್ಲಿ ಕೂತ.

"ಹ್ಯಾಂಗದೀರಿ ಬಾಯಾರ?" ಎಂದ.

ದಾವಲಬಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಂದು ಬೈದದ್ದು ತಪ್ಪಾಯಿತೆಂದಳು. ಅವಳು ಅತ್ತು ಮುಗಿಸುವವರೆಗೂ ಅವನು ಅಲ್ಲಾಡದೆ ಕೂತಿದ್ದ. ಆಮೇಲೆ ಟಗರಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಕೇಳುತ್ತ ಕೇಳುತ್ತ ಅವಳು ಗೋಡೆಗೊರಗಿ, ತಿಂಗಳುಗಟ್ಟಲೆ ಬಾರದಿದ್ದ ನಿದ್ದೆಗೆ ಜಾರಿದಳು. ಮಾಳಸಿದ್ದ ಕಥೆ ಮುಗಿಸಿಯೇ ಎದ್ದ.

ಎದುರುಮನೆಯಿಂದ ಇದನ್ನೆಲ್ಲ ನೋಡಿದ ಬಾಪುಸಾಹೇಬರಿಗೆ ಗಾಬರಿಯಾಯಿತು. ರೋಗಿಯೇ ಕಾರ್ಯಕರ್ತೆಗೆ ಭೇಟಿ ಕೊಡಬಹುದೆಂಬ ನಿಯಮವಿಲ್ಲ. ಎಷ್ಟು ಯೋಚಿಸಿದರೂ, ಕೊಡಕೂಡದೆಂಬ ನಿಯಮವೂ ನೆನಪಾಗಲಿಲ್ಲ. ಚಹಾದ ಬಸಿ ಕೆಳಗಿಟ್ಟು ಓಣಿ ದಾಟಿ ಬಂದರು. ಮಲಗಿದವಳಿಗೆ ಎಚ್ಚರವಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದಿದ್ದರು.

"ಮಾಳಸಿದ್ದಪ್ಪಾ, ನಮ್ಮ ಮನೀಗೆ ಯಾವಾಗ ಬರ್ತಿ?" ಎಂದು ಮೆಲ್ಲಗೆ ಕೇಳಿದರು.

ಮಾಳಸಿದ್ದ ಅವರ ಕಣ್ಣ ಕೆಳಗಿನ ಕಪ್ಪನ್ನು ಸ್ವಲ್ಪ ಹೊತ್ತು ನೋಡಿದ.

"ಬರ್ತೀನ್ರಿ. ಮೊದಲ ನೀವು ರೋಗಿ ಆಗ್ರಿ."

ಮಾತು ನಿಯಮಬದ್ಧವಾಗಿತ್ತು. ಬಾಪುಸಾಹೇಬರು ಒಪ್ಪಿ, ತಮ್ಮ ಮನೆಗೆ ತಾವೇ ಭೇಟಿ ಕೊಡಲು ಲೂನಾ ಗಾಡಿ ಹತ್ತಿ ಹೊರಟರು.